ತಿಥಿ ನೋಡಿ ನೀರಿಗಿಳಿದ ಬೇಸಿಗೆಗಳು

ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ಕಣ್ಣಿಗೆ ಬಿದ್ದರೆ ಸಾಕು, ನನ್ನ ಮನಸ್ಸು ನೀರಿನ ಲೆಕ್ಕಕ್ಕೆ ತೊಡಗುತ್ತದೆ. ಸಂಕಷ್ಟಿ ಯಾವತ್ತು ಬಂತೆಂದು ನೋಡಲು ಹೋಗಿರುತ್ತೇನೆ, ಇಲ್ಲವೇ ಗ್ಯಾಸ್ ಸಿಲಿಂಡರ್ ಬಂದ ದಿನಕ್ಕೆ ಗುರುತು ಹಾಕಲು ಹೋಗಿರುತ್ತೇನೆ. ಅಷ್ಟರಲ್ಲಿ, ಇವತ್ತು ತದಿಗೆ, ಹಾಗಾದರೆ ಸಮುದ್ರ ಉಕ್ಕುವ ಭರತ ಮಧ್ಯಾಹ್ನ ಒಂದೂವರೆಯ ಸುಮಾರಿಗೆ, ನೀರು ಪೂರ್ತಿ ಇಳಿಯುವುದು ಬೆಳಗ್ಗೆ ಏಳು ದಾಟಿದ ಮೇಲೆ ಎಂಬ ಲೆಕ್ಕ ಒಳಗೆ ತಾನಾಗಿ ಮುಗಿದಿರುತ್ತದೆ. ನಾನಿರುವುದು ಶಿರಸಿಯಲ್ಲಿ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಭರತ ಇಳಿತಗಳನ್ನು ಕಟ್ಟಿಕೊಂಡು ಯಾರಿಗೂ ಏನೂ ಆಗಬೇಕಾದದ್ದಿಲ್ಲ. ಆದರೂ ಈ ಲೆಕ್ಕ ನನ್ನನ್ನು ಬಿಟ್ಟಿಲ್ಲ. ಅದನ್ನು ಕಲಿಸಿದ ಅಕ್ಕ ತೀರಿಕೊಂಡ ಮೇಲೆ ಅದು ಇನ್ನಷ್ಟು ಹೆಚ್ಚಾಗಿದೆ. ಮೊದಲು ಬೇಸಿಗೆಯ ದಿನಗಳಲ್ಲಿ ಮಾತ್ರ ಬರುತ್ತಿದ್ದದ್ದು ಈಗ ವರ್ಷವಿಡೀ ಬರುತ್ತದೆ. ಹೀಗೇಕೆ ಎಂದು ಬಹಳ ಕಾಲದಿಂದ ಯೋಚಿಸುತ್ತಿದ್ದೇನೆ. ಬರೆಯುತ್ತಾ ಹೋದರೆ ಆ ಯೋಚನೆಗೆ ಒಂದು ದಾರಿ ಸಿಕ್ಕೀತು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಅಕ್ಕ ಎಂದರೆ ನನ್ನ ದೊಡ್ಡಮ್ಮನ ಮಗಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. ಒಡಹುಟ್ಟಿದ ಅಕ್ಕ ನನಗಿಲ್ಲ. ಇದ್ದಿದ್ದರೂ ಈ ಅಕ್ಕನ ಜಾಗ ಬೇರೆಯೇ ಆಗಿರುತ್ತಿತ್ತು ಎಂದು ನಂಬಿದ್ದೇನೆ. ದೊಡ್ಡಮ್ಮನ ಮನೆ ಕುಮಟಾದಿಂದ ಹೆಗಡೆಯ ಮೇಲೆ ಹಾದು ಮಾಣಿಕಟ್ಟಾದ ಕಡೆಗೆ ಹೋಗುವಾಗ, ಅಘನಾಶಿನಿ ಹೊಳೆಯ ಎಡದಂಡೆಯಲ್ಲಿ, ಹೊಳೆಯ ಉಪ್ಪುನೀರು ಹತ್ತುವ ಗಜನಿ ಗದ್ದೆಗಳ ಅಂಚಿನಲ್ಲಿತ್ತು. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ವಾರದಲ್ಲೇ ಅಮ್ಮ ನನ್ನನ್ನೂ ತಮ್ಮನನ್ನೂ ಕುಮಟಾ ಬಸ್ಸಿಗೆ ಹತ್ತಿಸಿಕೊಂಡು ಹೊರಡುತ್ತಿದ್ದಳು. ರಾಗಿಹೊಸಳ್ಳಿ ದಾಟಿ, ದೇವಿಮನೆಯ ಗುಡಿಯೆದುರು ಬಸ್ಸು ನಿಂತು, ಘಟ್ಟದ ತಿರುವುಗಳನ್ನು ಇಳಿದು ಕತಗಾಲ ಮುಟ್ಟುವಷ್ಟರಲ್ಲಿ ಗಾಳಿಯೇ ಬದಲಾಗಿ ಮೈಗೆ ಸೆಕೆ ಅಂಟಿಕೊಳ್ಳುತ್ತಿತ್ತು. ನಮ್ಮ ಚೀಲದಲ್ಲಿ ಹಲಸಿನ ಹಪ್ಪಳ, ಜೋನಿಬೆಲ್ಲದ ಡಬ್ಬ, ಬಾಳೆಎಲೆಯಲ್ಲಿ ಸುತ್ತಿದ ಅಪ್ಪೆಮಿಡಿ ಇರುತ್ತಿದ್ದವು. ತಿರುಗಿ ಬರುವಾಗ ಅದೇ ಚೀಲದಲ್ಲಿ ಉಪ್ಪು, ಒಣಮೀನು, ತೆಂಗಿನಕಾಯಿ, ಹೆದ್ದಾರಿಯ ಬದಿಯ ಅಂಗಡಿಗಳಲ್ಲಿ ಜಡೆ ಹೆಣೆದಂತೆ ಕಟ್ಟಿ ತೂಗುಹಾಕುವ ಕುಮಟಾದ ಸಿಹಿ ಈರುಳ್ಳಿ ಬರುತ್ತಿದ್ದವು. ಘಟ್ಟದ ಮೇಲಿನ ಮನೆಗೂ ಕೆಳಗಿನ ಮನೆಗೂ ನಡುವಿನ ಈ ಕೊಡುಕೊಳ್ಳುವಿಕೆ ಅಮ್ಮನಿಗೂ ದೊಡ್ಡಮ್ಮನಿಗೂ ಪತ್ರ ಬರೆದಷ್ಟೇ ಮುಖ್ಯವಾಗಿತ್ತು.

ನೀರಿನ ಹೊತ್ತು

ಬಾಲ್ಯದ ಬೇಸಿಗೆಯನ್ನು ನೆನೆಯುವ ಬಹಳಷ್ಟು ಬರಹಗಳಲ್ಲಿ ಸ್ವಾತಂತ್ರ್ಯದ ಮಾತು ಬರುತ್ತದೆ: ಹೊತ್ತಿನ ಹಂಗಿಲ್ಲ, ಕೇಳುವವರಿಲ್ಲ, ಮರ ಹತ್ತಿದ್ದು, ಮಾವು ಕದ್ದದ್ದು. ನನ್ನ ನೆನಪಿನ ಬೇಸಿಗೆ ಅಂಥದ್ದಾಗಿರಲಿಲ್ಲ. ದೊಡ್ಡಮ್ಮನ ಮನೆಯಲ್ಲಿ ನಾವು ಮಕ್ಕಳು ಏಳುವುದು, ಉಣ್ಣುವುದು, ಮಲಗುವುದು, ಎಲ್ಲವೂ ನೀರು ಏರಿ ಇಳಿಯುವ ಹೊತ್ತಿಗೆ ಹೊಂದಿಕೊಂಡಿರುತ್ತಿತ್ತು, ಮತ್ತು ಆ ಹೊತ್ತನ್ನು ಹೇಳುವವಳು ಅಕ್ಕ. ದೊಡ್ಡಪ್ಪನ ಗಡಿಯಾರ ಜಗಲಿಯ ಕಂಬದ ಮೇಲಿತ್ತು. ಅದಕ್ಕೆ ಕೀಲಿ ಕೊಡುವ ಕೆಲಸವೂ ಅಕ್ಕನದೇ ಆಗಿತ್ತು, ಆದರೆ ಅವಳು ಅದನ್ನು ನೋಡಿ ಏನನ್ನೂ ನಿಶ್ಚಯಿಸಿದ್ದು ನನಗೆ ನೆನಪಿಲ್ಲ. ಬೆಳಗ್ಗೆ ಎದ್ದವಳೇ ತಿಥಿ ಯಾವುದೆಂದು ದೊಡ್ಡಮ್ಮನನ್ನು ಕೇಳುತ್ತಿದ್ದಳು. ಕೇಳಿದ ಮೇಲೆ ಆ ದಿನ ಹೊಳೆಗೆ ಯಾವಾಗ ಹೋಗಬಹುದು, ಗಜನಿಯ ಕಟ್ಟೆಯ ಮೇಲೆ ಯಾವಾಗ ನಡೆಯಬಹುದು, ಯಾವ ಹೊತ್ತಿನಲ್ಲಿ ಹಿತ್ತಲು ದಾಟಕೂಡದು ಎಂಬುದೆಲ್ಲ ತೀರ್ಮಾನವಾಗಿರುತ್ತಿತ್ತು.

ಆ ಲೆಕ್ಕ ಅವಳಿಗೆ ತನ್ನ ಅಜ್ಜಿಯಿಂದ ಬಂದದ್ದು. ಅಮಾವಾಸ್ಯೆ ಮತ್ತು ಹುಣ್ಣಿಮೆಯ ದಿನ ನಮ್ಮ ಕರಾವಳಿಯಲ್ಲಿ ಭರತ ಬೆಳಗ್ಗೆ ಹನ್ನೊಂದರ ಸುಮಾರಿಗೆ ಮತ್ತು ರಾತ್ರಿ ಹನ್ನೊಂದು ದಾಟಿದ ಮೇಲೆ ಬರುತ್ತದೆ. ಅಲ್ಲಿಂದ ಮುಂದೆ ಪ್ರತಿ ತಿಥಿಗೆ ಎರಡು ಗಳಿಗೆ ಕೂಡಿಸುತ್ತ ಹೋಗಬೇಕು. ಒಂದು ಗಳಿಗೆಗೆ 24 ನಿಮಿಷ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ, ಅವನ ಹಿಂದೆ ನೀರೂ ತಡವಾಗುತ್ತದೆ ಎಂಬುದನ್ನು ನಾನು ಮುಂದೆ ಕಾಲೇಜಿನಲ್ಲಿ ಓದಿದಾಗ, ಆ ಎರಡು ಗಳಿಗೆಯ ಲೆಕ್ಕ ಎಷ್ಟು ಸರಿಯಿತ್ತೆಂದು ತಿಳಿದು ತರಗತಿಯಲ್ಲೇ ಮೈ ಜುಮ್ಮೆಂದಿತ್ತು. ಭರತದಿಂದ ಇಳಿತಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಹೊತ್ತು. ನೀರು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುವುದು ಅಮಾವಾಸ್ಯೆಯ ದಿನವೇ ಅಲ್ಲ, ಅದರ ಮರುದಿನ ಅಥವಾ ಮೂರನೆಯ ದಿನ ಎಂಬುದನ್ನೂ ಅವಳು ಹೇಳಿಕೊಟ್ಟಿದ್ದಳು. ಆ ದಿನಗಳಲ್ಲಿ ಅಳಿವೆಯಲ್ಲಿ ಏರಿಳಿತದ ಅಂತರ ಸುಮಾರು ಎರಡು ಮೀಟರಿನವರೆಗೂ ಹೋಗುತ್ತದೆ. ಅಷ್ಟಮಿ, ನವಮಿಗಳಲ್ಲಿ ನೀರು ಹೆಚ್ಚು ಏರುವುದೂ ಇಲ್ಲ, ಹೆಚ್ಚು ಇಳಿಯುವುದೂ ಇಲ್ಲ. ಆಗ ಬಳಚು ಎಂಬ ಚಿಪ್ಪುಮೀನು ಹೆಕ್ಕಲು ಹೋಗಿ ಉಪಯೋಗವಿಲ್ಲ, ಮನೆಯಲ್ಲಿ ಕುಳಿತು ಗೇರುಬೀಜ ಸುಡುವುದು ಲೇಸು.

ಅಮಾವಾಸ್ಯೆ ಕಳೆದು ಮೂರನೆಯ ದಿನದ ಒಂದು ಬೆಳಗು ನನ್ನಲ್ಲಿ ಅಚ್ಚೊತ್ತಿ ನಿಂತಿದೆ. ನನಗೆ ಆಗ ಒಂಬತ್ತೋ ಹತ್ತೋ ವರ್ಷ. "ಏಳೆ ತಂಗಿ, ನೀರು ಇಳಿತಾ ಉಂಟು" ಎಂದು ಅಕ್ಕ ಎಬ್ಬಿಸಿದಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಕೇರಿಯ ನಾಲ್ಕೈದು ಹೆಂಗಸರು ಬುಟ್ಟಿ ಹಿಡಿದು ಮುಂದೆ ನಡೆದಿದ್ದರು. ಹಿಂದೆ ಅಕ್ಕ, ನಾನು, ತಮ್ಮ, ಪಕ್ಕದ ಮನೆಯ ಇಬ್ಬರು ಸಣ್ಣ ಮಕ್ಕಳು. ಗಜನಿಯ ಕಟ್ಟೆಯ ಮೇಲೆ ಸಾಲಾಗಿ ನಡೆದು, ನೀರು ಒಳಬಿಟ್ಟು ಹೊರಬಿಡುವ ಜಂತ್ರಡಿಯ ಬಾಗಿಲು ದಾಟಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕೆಸರಿನಲ್ಲಿ ಮೊಳಕಾಲು ಮುಳುಗಿಸುತ್ತ ಹೋದರೆ ಮುಂದೆ ಹೊಳೆಯ ನಡುವೆ ಮಳಲಿನ ದಿಬ್ಬ ಬೆನ್ನು ತೋರಿಸತೊಡಗಿತ್ತು. ಕಲ್ಲುಗಳಿಗೆ ಅಂಟಿದ ಕಲ್ವದ ಚಿಪ್ಪುಗಳು ಕತ್ತಿಯಷ್ಟು ಹರಿತವಿರುತ್ತವೆ. ಅದಕ್ಕೆಂದು ಅಕ್ಕ ನಮ್ಮ ಕಾಲಿಗೆ ಹಳೆಯ ಚಪ್ಪಲಿಗಳನ್ನು ಬಾಳೆನಾರಿನಿಂದ ಬಿಗಿದು ಕಟ್ಟಿ, ದಿಬ್ಬ ತಲುಪಿದ ಮೇಲೆ ತಾನೇ ಬಿಚ್ಚಿ, ಎಲ್ಲರದನ್ನೂ ಒಂದೇ ಸರ ಮಾಡಿ ನೆಟ್ಟ ಗೂಟಕ್ಕೆ ತೂಗುಹಾಕಿದಳು.

ಬಳಚನ್ನು ಕಣ್ಣಿನಿಂದ ಹುಡುಕಲಾಗುವುದಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಕಾಲ್ಬೆರಳುಗಳನ್ನು ಮಳಲಿನೊಳಗೆ ತೂರಿಸಿ, ನಿಧಾನವಾಗಿ ಹಿಮ್ಮಡಿ ತಿರುಗಿಸುತ್ತ ಸಾಗಬೇಕು. ಗಟ್ಟಿಯಾದದ್ದು ತಾಗಿದಾಗ ಅದು ಕಲ್ಲೋ, ಸತ್ತ ಚಿಪ್ಪೋ, ಜೀವವಿರುವ ಬಳಚೋ ಎಂದು ಬೆರಳಿಗೇ ತಿಳಿಯಬೇಕು. ಜೀವವಿರುವುದು ತಾಗಿದೊಡನೆ ತುಸು ಒಳಕ್ಕೆ ಜಗ್ಗುತ್ತದೆ. ಅಕ್ಕ ನನ್ನ ಎರಡೂ ಭುಜ ಹಿಡಿದು ಎದುರು ನಿಂತು, ತನ್ನ ಕಾಲಿನಿಂದ ನನ್ನ ಕಾಲನ್ನು ಒತ್ತಿ, "ಈಗ ತಾಗ್ತಾ? ಇದು ಸತ್ತದ್ದು. ಬಿಡು. ಇದು?" ಎಂದು ಒಂದೊಂದನ್ನೇ ಪರೀಕ್ಷೆ ಮಾಡಿಸಿದಳು. ಯಾವ ಶಾಲೆಯಲ್ಲೂ ಯಾರೂ ನನಗೆ ಅಷ್ಟು ತಾಳ್ಮೆಯಿಂದ ಏನನ್ನೂ ಕಲಿಸಿಲ್ಲ. ಮೊದಲ ಬಳಚು ಸಿಕ್ಕಾಗ ನಾನು ಕೂಗಿದ ಕೂಗಿಗೆ ದೂರದಲ್ಲಿದ್ದ ಹೆಂಗಸರೂ ತಲೆಯೆತ್ತಿ ನೋಡಿದ್ದರು. ಚಿಕ್ಕ ಬಳಚುಗಳನ್ನು ಅವಳು ಬುಟ್ಟಿಗೆ ಹಾಕಲು ಬಿಡುತ್ತಿರಲಿಲ್ಲ. ಹೆಬ್ಬೆರಳಿನ ತುದಿಗಿಂತ ಸಣ್ಣದಾದರೆ ಮತ್ತೆ ಮಳಲಿಗೆ ಒತ್ತಿಬಿಡಬೇಕು ಎಂದು ಹೇಳಿ, ಒತ್ತಿದ್ದನ್ನು ನೋಡಿ ಮುಂದೆ ಹೋಗುತ್ತಿದ್ದಳು.

ಆ ಬೆಳಗಿನ ಮುಖ್ಯ ಸಂಗತಿ ಇನ್ನೊಂದು. ಬುಟ್ಟಿ ಅರ್ಧಕ್ಕಿಂತ ಹೆಚ್ಚು ತುಂಬಿ, ದಿಬ್ಬ ಇನ್ನೂ ಅಗಲವಾಗಿ ಕಾಣುತ್ತಿರುವಾಗಲೇ ಅಕ್ಕ ಎಲ್ಲರನ್ನೂ ಹೊರಡಿಸಿದಳು. ನನಗೆ ಬಿಟ್ಟು ಬರಲು ಮನಸ್ಸಿರಲಿಲ್ಲ. ನೀರು ಇನ್ನೂ ಇಳಿಯುತ್ತಲೇ ಇದೆಯಲ್ಲ, ಇನ್ನೊಂದು ಸ್ವಲ್ಪ ಹೊತ್ತು ಇರೋಣ ಎಂದು ಹಟ ಹಿಡಿದೆ. ಅವಳು ವಾದ ಮಾಡಲಿಲ್ಲ. ಹೊಳೆಯ ನಡುವೆ ಲಂಗರು ಹಾಕಿದ್ದ ದೋಣಿಗಳ ಕಡೆ ಕೈ ತೋರಿಸಿದಳು. ನಾವು ಬಂದಾಗ ಆ ದೋಣಿಗಳ ಮೂತಿ ಮೂಡಲಕ್ಕೆ, ಘಟ್ಟದ ಕಡೆಗಿತ್ತು. ಈಗ ಅವು ಒಂದೊಂದಾಗಿ ಪಡುವಲಕ್ಕೆ, ಸಮುದ್ರದ ಕಡೆಗೆ ತಿರುಗುತ್ತಿದ್ದವು. ಲಂಗರು ಹಾಕಿದ ದೋಣಿ ಯಾವಾಗಲೂ ನೀರು ಬರುವ ದಿಕ್ಕಿಗೆ ಮುಖ ಮಾಡುತ್ತದೆ. ನನ್ನ ಕಾಲ ಬಳಿ ನೀರು ಇನ್ನೂ ಇಳಿಯುತ್ತಿರುವಂತೆ ಕಂಡರೂ, ತದಡಿಯ ಅಳಿವೆ ಬಾಯಿಯಿಂದ ಸಮುದ್ರ ಆಗಲೇ ಒಳಗೆ ಹೊರಟಿತ್ತು. ನಾವು ಕಾಂಡ್ಲಾದ ಅಂಚಿಗೆ ಬಂದು ತಿರುಗಿ ನೋಡುವಾಗ ಚಪ್ಪಲಿ ತೂಗುಹಾಕಿದ್ದ ಗೂಟದ ಬುಡದಲ್ಲಿ ನೀರು ಆಡುತ್ತಿತ್ತು. ಅಂದು ಮಧ್ಯಾಹ್ನ ದೊಡ್ಡಮ್ಮ ಬಳಚನ್ನು ಬೇಯಿಸಿ, ಬಾಯಿ ಬಿಟ್ಟ ಚಿಪ್ಪುಗಳೊಳಗೆ ಕಾಯಿತುರಿ ಮಸಾಲೆ ಕೂಡಿಸಿ, ಮುರುಗಲ ಹುಳಿ ಹಾಕಿ ಸುಕ್ಕಾ ಮಾಡಿದ್ದಳು. ಬಾಯಿ ಬಿಡದ ಚಿಪ್ಪುಗಳನ್ನು ಅಕ್ಕ ಒಂದೊಂದಾಗಿ ಆರಿಸಿ ಹೊರಗೆ ಎಸೆದು ಬಂದಳು. ಅದೂ ಅವಳದೇ ಕೆಲಸ.

ಉಪ್ಪಿನ ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಹೊಳೆಯ ಆಚೆಗೆ ಸಾಣಿಕಟ್ಟಾ. ಪ್ರತಿ ಬೇಸಿಗೆಯಲ್ಲಿ ಒಂದು ದಿನ ದೊಡ್ಡಪ್ಪ ನಮ್ಮನ್ನು ಅಘನಾಶಿನಿ ಊರಿನಿಂದ ದೋಣಿಯಲ್ಲಿ ತದಡಿಗೆ ದಾಟಿಸಿ, ಅಲ್ಲಿಂದ ಉಪ್ಪಿನ ಆಗರಕ್ಕೆ ಕರೆದೊಯ್ಯುತ್ತಿದ್ದರು. ಘಟ್ಟದ ಮೇಲೆ ಅಪ್ಪೆಮಿಡಿಯ ಉಪ್ಪಿನಕಾಯಿ ಹಾಕುವ ಮನೆಗಳಲ್ಲಿ ಸಾಣಿಕಟ್ಟಾದ ಹರಳುಪ್ಪಿಗೆ ಇರುವ ಮರ್ಯಾದೆ ಬೇರೆ ಯಾವ ಉಪ್ಪಿಗೂ ಇಲ್ಲ. ತುಸು ಕಂದು ಬಣ್ಣದ ಆ ಉಪ್ಪಿನಲ್ಲಿ ಮಿಡಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ ಎಂಬುದು ಅಮ್ಮನ ನಂಬಿಕೆ, ನನ್ನದೂ ಕೂಡ. ಬಿಸಿಲು ಏರಿದಂತೆ ಪಾತಿಯ ನೀರಿನ ಮೇಲೆ ತೆಳ್ಳನೆಯ ಕೆನೆ ಕಟ್ಟಿ, ಅದು ಒಡೆದು ಹರಳಾಗಿ ತಳಕ್ಕೆ ಇಳಿಯುವುದನ್ನು ನಾವು ಬದುವಿನ ಮೇಲೆ ಕುಳಿತು ನೋಡುತ್ತಿದ್ದೆವು. ಭರತದ ನೀರನ್ನು ಬಾಗಿಲು ತೆರೆದು ಒಳಗೆ ಬಿಟ್ಟುಕೊಂಡು, ಬಾಗಿಲು ಹಾಕಿ ನಿಲ್ಲಿಸಿಕೊಂಡರೆ ಉಪ್ಪು. ಅದೇ ನೀರನ್ನು ಗಜನಿಗೆ ಬಿಟ್ಟುಕೊಂಡು, ಇಳಿತದಲ್ಲಿ ಜಂತ್ರಡಿಗೆ ಬಲೆ ಕಟ್ಟಿ ಹೊರಗೆ ಬಿಟ್ಟರೆ ಸಿಗಡಿ, ಮೀನು. ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದಷ್ಟೇ ವಿದ್ಯೆ ಎಂದು ಅಕ್ಕ ಒಮ್ಮೆ ಹೇಳಿದ್ದಳು.

ಶಂಕರಹೊಂಡ

ನಾವು ಕೆಳಗೆ ಹೋಗುತ್ತಿದ್ದುದೇ ಹೆಚ್ಚು. ಅಕ್ಕ ಮೇಲೆ ಬರುತ್ತಿದ್ದುದು ಅಪರೂಪ. ಬಂದರೆ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಗೆ. 1986ರ ಜಾತ್ರೆಗೆ ಅವಳು ದೊಡ್ಡಮ್ಮನ ಜೊತೆ ಬಂದಾಗ ಅವಳಿಗೆ ಹದಿನಾರು. ಬಿಡಕಿಬಯಲಿನಲ್ಲಿ ದೇವಿಯ ದರ್ಶನ ಮಾಡಿ, ಬಳೆ ತೊಡಿಸಿಕೊಂಡು, ತೊಟ್ಟಿಲಲ್ಲಿ ಕೂತು ಬಂದ ಮರುದಿನ ನಾನು ಅವಳನ್ನು ಶಂಕರಹೊಂಡಕ್ಕೆ ಕರೆದುಕೊಂಡು ಹೋದೆ. ಅಘನಾಶಿನಿಯ ಒಂದು ಕವಲು ಅಲ್ಲಿ ಹುಟ್ಟುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು, ಮತ್ತು ಅದನ್ನು ಅಕ್ಕನಿಗೆ ತೋರಿಸುವ ಆಸೆ ನನ್ನಲ್ಲಿ ಬಹಳ ದಿನಗಳಿಂದ ಕುದಿಯುತ್ತಿತ್ತು. ಅವಳು ತೋರಿಸಿದ್ದು ಅಷ್ಟಿತ್ತು. ನಾನು ಅವಳಿಗೆ ತೋರಿಸಲು ಇದ್ದದ್ದು ಇದೊಂದೇ.

ಊರ ನಡುವಿನ ಹೊಂಡ ಅದು. ನೋಡಿದ ಕೂಡಲೆ ಬೆರಗಾಗುವಂಥದ್ದೇನೂ ಅಲ್ಲಿಲ್ಲ. ಅಕ್ಕ ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ಆ ನೀರನ್ನು ನೋಡಿದಳು. "ಇದು ನಮ್ಮನೆ ಹೊಳೆಯಾ?" ಎಂದು ಕೇಳಿದಳು. ಹೌದು ಎಂದೆ. ಇಲ್ಲಿಂದ ಹೊರಟು, ಕಾಡಿನೊಳಗೆ ಹರಿದು, ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕಿ, ಘಟ್ಟ ಇಳಿದು, ನಿಮ್ಮ ಮನೆಯ ಮುಂದೆ ಬಂದು ಸಮುದ್ರ ಸೇರುತ್ತದೆ ಎಂದು ಪಾಠ ಒಪ್ಪಿಸಿದೆ. ಅವಳು ನೀರಿನಲ್ಲಿ ಬೆರಳದ್ದಿ ನಾಲಿಗೆಗೆ ತಾಗಿಸಿಕೊಂಡಳು. ಆಮೇಲೆ ದಂಡೆಯ ಕಲ್ಲಿನ ಮೇಲೆ ನೀರಿನ ಮಟ್ಟದ ಗುರುತು ಹುಡುಕಿದಳು. ಭರತದ ಗೆರೆ ಎಲ್ಲೂ ಇರಲಿಲ್ಲ. "ಇದಕ್ಕೆ ತಿಥಿ ಇಲ್ಲ" ಎಂದಳು. ಅದು ಸಂತೋಷವೋ ಕನಿಕರವೋ ಅವಳ ದನಿಯಿಂದ ನನಗೆ ಅಂದು ಗೊತ್ತಾಗಲಿಲ್ಲ. ಈಗ ಯೋಚಿಸಿದರೆ ಅದು ಒಂದು ಬಗೆಯ ಆರೈಕೆಯ ದನಿ ಎನ್ನಿಸುತ್ತದೆ, ದೊಡ್ಡವರು ಹಸುಗೂಸನ್ನು ನೋಡಿ ಇದಕ್ಕಿನ್ನೂ ಹಲ್ಲು ಬಂದಿಲ್ಲ ಎನ್ನುವಾಗಿನಂಥದ್ದು. ಮನೆಗೆ ಹಿಂದಿರುಗುವಾಗ ದಾರಿಯುದ್ದಕ್ಕೂ ಅವಳು ಲೆಕ್ಕ ಹಾಕುತ್ತಿದ್ದಳು: ಇಲ್ಲಿ ಇವತ್ತು ಒಂದು ಎಲೆ ಬಿಟ್ಟರೆ ಅದು ನಮ್ಮ ದಂಡೆಗೆ ಎಷ್ಟು ದಿನಕ್ಕೆ ಬಂದೀತು, ಬರುವಾಗ ಭರತವಿದ್ದರೆ ಅದು ಐಗಳಕುರ್ವೆಯ ಹತ್ತಿರವೇ ನಿಂತು ಹಿಂದಕ್ಕೆ ಹೋದೀತೇ ಎಂದು. ಸುಮಾರು 120 ಕಿಲೋಮೀಟರ್ ಹರಿಯುವ ಆ ಹೊಳೆಗೆ ಇಂದಿಗೂ ಎಲ್ಲಿಯೂ ದೊಡ್ಡ ಅಣೆಕಟ್ಟು ಬಿದ್ದಿಲ್ಲ. ನಮ್ಮ ಜಿಲ್ಲೆಯ ಕಾಳಿಗೆ, ಶರಾವತಿಗೆ ಆದದ್ದನ್ನು ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ. ಶಂಕರಹೊಂಡದ ಎಲೆ ಈಗಲೂ ಅಕ್ಕನ ದಂಡೆಗೆ ತಲುಪಬಲ್ಲದು.

ಆ ಜಾತ್ರೆಯ ನಂತರದ ಬೇಸಿಗೆಗಳು ಮೊದಲಿನಂತೆ ಉಳಿಯಲಿಲ್ಲ. ನಾನು ಹೈಸ್ಕೂಲು, ಅವಳು ಮದುವೆಯ ವಯಸ್ಸು. 1991ರಲ್ಲಿ ಅದೇ ದಂಡೆಯ ಇನ್ನೊಂದು ಊರಿಗೆ ಅವಳನ್ನು ಕೊಟ್ಟರು. ಆ ಮನೆಗೂ ಗಜನಿ ಇತ್ತು, ಕಗ್ಗ ಬೆಳೆಯುತ್ತಿದ್ದರು. ಉಪ್ಪುನೀರನ್ನು ತಾಳಿಕೊಂಡು ಆಳೆತ್ತರ ಬೆಳೆಯುವ, ನೆರೆಯಲ್ಲಿ ಮುಳುಗಿದರೂ ಸಾಯದ ಆ ಭತ್ತವನ್ನು ನೀರಿನಲ್ಲಿ ನಿಂತು, ತೆನೆಯನ್ನಷ್ಟೇ ಕೊಯ್ದು ದೋಣಿಗೆ ಹಾಕಬೇಕು. ಅಕ್ಟೋಬರ್ ರಜೆಯಲ್ಲಿ ಒಮ್ಮೆ ಹೋದಾಗ ಅವಳು ಎದೆಮಟ್ಟದ ನೀರಿನಲ್ಲಿ ತೆನೆ ಕೊಯ್ಯುತ್ತಿದ್ದಳು. ನನ್ನನ್ನು ಕಂಡು ಕೈಯೆತ್ತಿ, ಕುಡುಗೋಲಿನಿಂದಲೇ ಕಟ್ಟೆಯ ಮೇಲೆ ನಿಲ್ಲು ಎಂದು ಸನ್ನೆ ಮಾಡಿದಳು. 1990ರ ದಶಕದಲ್ಲಿ ಸಿಗಡಿ ಸಾಕಣೆಯ ಭರಾಟೆ ಬಂದು ಎಷ್ಟೋ ಗಜನಿಗಳಲ್ಲಿ ಕಗ್ಗ ನಿಂತೇ ಹೋಯಿತು. ಅಕ್ಕನ ಮನೆಯವರು ಬಿಡಲಿಲ್ಲ. ಕಾರಣ ಕೇಳಿದರೆ ಅವಳು ಹೇಳುತ್ತಿದ್ದದ್ದು ಒಂದೇ ಮಾತು: ಆ ಅಕ್ಕಿಯ ಗಂಜಿ ಕುಡಿದರೆ ಮಧ್ಯಾಹ್ನದವರೆಗೆ ಹಸಿವಾಗುವುದಿಲ್ಲ. ಆ ದಿನಗಳ ಅಕ್ಕನ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಅವಳನ್ನು ಬಲ್ಲವರು ಬೇರೆ ಇದ್ದಾರೆ.

ಸೂತಕದ ಲೆಕ್ಕ

2019ರ ಆರಂಭದಲ್ಲಿ ಅವಳಿಗೆ ಕಾಯಿಲೆ ಬಲಿತಿದ್ದು ಗೊತ್ತಾಯಿತು. ನಮ್ಮ ಜಿಲ್ಲೆಯವರಿಗೆ ದೊಡ್ಡ ಕಾಯಿಲೆ ಎಂದರೆ ಹುಬ್ಬಳ್ಳಿ, ಮಂಗಳೂರು, ಮಣಿಪಾಲ, ಇಲ್ಲವೇ ಗೋವೆಯ ದಾರಿ. ಜಿಲ್ಲೆಯೊಳಗೇ ಒಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಜನ ಎಷ್ಟು ಕಾಲದಿಂದ ಕೇಳುತ್ತಿದ್ದಾರೆಂಬುದನ್ನು ಇಲ್ಲಿ ಹೊಸದಾಗಿ ಹೇಳಬೇಕಿಲ್ಲ. ಅಕ್ಕನನ್ನು ದಕ್ಷಿಣಕ್ಕೆ ಕರೆದೊಯ್ದರು. ನಾನು ನೋಡಲು ಹೋದಾಗ ಅವಳು ಎತ್ತರದ ಮಹಡಿಯ ಒಂದು ವಾರ್ಡಿನಲ್ಲಿ ಕಿಟಕಿಗೆ ಬೆನ್ನು ಮಾಡಿ ಮಲಗಿದ್ದಳು. ಬಹಳ ಬಡವಾಗಿದ್ದಳು. ಮಾತು ಒಂದೆರಡರಲ್ಲೇ ದಣಿಯುತ್ತಿತ್ತು. ಸ್ವಲ್ಪ ಹೊತ್ತು ನನ್ನ ಕೈಹಿಡಿದು ಸುಮ್ಮನಿದ್ದು, "ಇವತ್ತು ಯಾವ ತಿಥಿ?" ಎಂದು ಕೇಳಿದಳು. ನಾನು ಫೋನು ತೆಗೆದು ನೋಡಿ ಚೌತಿ ಎಂದೆ. ಅವಳ ತುಟಿ ಅಲುಗಿದ್ದು ಕಂಡಿತು. ಎಂಟು ಗಳಿಗೆ ಕೂಡಿಸುತ್ತಿದ್ದಾಳೆ ಎಂದು ನನಗೆ ತಿಳಿಯಿತು. ನಾನೂ ಕೂಡಿಸಿದೆ. "ಈಗ ಏರ್ತಾ ಉಂಟು" ಎಂದು ನಾನೇ ಹೇಳಿದೆ. ಅವಳು ಹೌದೆಂದು ತಲೆ ಆಡಿಸಿ ಕಣ್ಣು ಮುಚ್ಚಿಕೊಂಡಳು. ಅವಳು ಕಲಿಸಿದ ಲೆಕ್ಕವನ್ನು ಅವಳಿಗಿಂತ ಮೊದಲು ನಾನು ಹೇಳಿದ್ದು ಅದೊಂದೇ ಸಲ.

ಮಾಘ ಬಹುಳ ನವಮಿಯಂದು ಅವಳು ಹೋದಳು. ನೀರು ಹೆಚ್ಚು ಏರದ, ಹೆಚ್ಚು ಇಳಿಯದ ದಿನ.

ಇಲ್ಲಿ ನಾನು ಬಹಳ ಕಾಲ ಸಿಕ್ಕಿಕೊಂಡ ಒಂದು ವಿಷಯವನ್ನು ಹೇಳಬೇಕು. ನಮ್ಮಲ್ಲಿ ಮದುವೆಯಾಗಿ ಹೋದ ಹೆಣ್ಣಿನ ಸೂತಕ ಗಂಡನ ಮನೆಯವರಿಗೆ. ನಾನೋ ಅವಳ ತಾಯಿಯ ತಂಗಿಯ ಮಗಳು; ಹುಟ್ಟಿನಿಂದಲೇ ಬೇರೆ ಬಳಿ, ಎಂದರೆ ಬೇರೆ ಕುಲ; ಮದುವೆಯಿಂದ ಮತ್ತೂ ಬೇರೆ. ನಮ್ಮ ಮನೆಯ ರೂಢಿಯಂತೆ ಅವಳ ಸಾವಿನಿಂದ ನನಗೆ ತಟ್ಟಬೇಕಾದ ಮೈಲಿಗೆ ಏನೂ ಇರಲಿಲ್ಲ. ಹೋಗಿ ನೋಡಿ, ಮಿಂದು, ಮನೆಗೆ ಬಂದು ಮರುದಿನ ದೇವರಿಗೆ ದೀಪ ಹಚ್ಚಬಹುದಿತ್ತು, ಹಚ್ಚಿದೆ. ಕೆಲಸದ ಜಾಗದಲ್ಲಿ ಯಾರು ತೀರಿಕೊಂಡರು ಎಂದು ಕೇಳಿದವರಿಗೆ ದೊಡ್ಡಮ್ಮನ ಮಗಳು ಎಂದರೆ, ಅಯ್ಯೋ ಪಾಪ ಎಂದು ಮುಂದಿನ ಮಾತಿಗೆ ಹೋಗುತ್ತಿದ್ದರು. ಅವರಲ್ಲಿ ತಪ್ಪಿಲ್ಲ. ಅವರೂ ಯಾರನ್ನೋ ಹಾಗೆ ಕಳೆದುಕೊಂಡವರೇ ಇರಬಹುದು. ಸೂತಕವೆಂಬುದು ಮಡಿಮೈಲಿಗೆಯ ಮಾತಾಗಿ ನಮಗೆ ಹಳತೆನಿಸಬಹುದು, ಆದರೆ ಅದರೊಳಗೆ ಇನ್ನೊಂದು ಅನುಕೂಲವಿತ್ತು: ಇಷ್ಟು ದಿನ ನೀನು ಬೇರೆ ಏನನ್ನೂ ಮಾಡಬೇಕಾಗಿಲ್ಲ ಎಂದು ಅದು ದುಃಖದಲ್ಲಿರುವವರಿಗೆ ಹೇಳುತ್ತದೆ. ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳಿಗೆ, ಜೊತೆಯಲ್ಲಿ ಬೇಸಿಗೆ ಕಳೆದವರಿಗೆ, ಒಂದೇ ತಟ್ಟೆಯಲ್ಲಿ ಉಂಡವರಿಗೆ ಆ ದಿನಗಳನ್ನು ಯಾರೂ ಕೊಡುವುದಿಲ್ಲ. ಶ್ರಾದ್ಧದ ದಿನ ಎಡೆ ಇಡುವವನು ಅವಳ ಮಗ. ನನ್ನ ಪಾಲಿಗೆ ಯಾವ ಕರ್ಮವೂ ಇಲ್ಲ.

ಇದನ್ನೆಲ್ಲ ಯೋಚಿಸಿದ ಮೇಲೆ ಕ್ಯಾಲೆಂಡರಿನ ಮುಂದೆ ತಾನಾಗಿ ನಡೆಯುವ ಆ ಲೆಕ್ಕದ ಅರ್ಥ ನನಗೆ ಸ್ವಲ್ಪ ಮಟ್ಟಿಗೆ ಹೊಳೆಯುತ್ತಿದೆ. ಶೋಕಕ್ಕೆ ದಿನಗಳನ್ನು ಕೊಡದೆ ಹೋದರೆ ಅದು ತನಗೆ ಬೇಕಾದ ದಿನಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ಅವಳ ತಿಥಿ ವರ್ಷಕ್ಕೊಮ್ಮೆ ಬರುವುದು ಅವಳ ಮಗನ ಮನೆಗೆ. ನನಗೆ ಅವಳ ತಿಥಿ ದಿನವೂ ಬರುತ್ತದೆ. ಇದನ್ನು ನಾನು ಕಟ್ಟಿಕೊಂಡ ಸಮಾಧಾನ ಎಂದು ಯಾರಾದರೂ ಅನ್ನಬಹುದು. ಇರಲಿ, ಅವಳಿಂದ ನನ್ನ ಕೈಗೆ ಬಂದ ಆಸ್ತಿ ಇದೊಂದೇ, ಮತ್ತು ಅದು ದಿನವೂ ಬಳಕೆಯಲ್ಲಿದೆ ಎಂಬುದು ನನಗೆ ನಿಜವಾದ ಸಂತೋಷ.

ಅವಳು ಹೋದ ಸುಮಾರು ಐದು ವರ್ಷಗಳ ಮೇಲೆ, 2024ರ ಜನವರಿ ಕೊನೆಯಲ್ಲಿ, ಅಘನಾಶಿನಿ ಅಳಿವೆಯನ್ನು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿಸಿದ ಸುದ್ದಿ ಬಂತು. 4,801 ಹೆಕ್ಟೇರು ಎಂದು ಪತ್ರಿಕೆಯಲ್ಲಿ ಓದಿದೆ. ಕಾಂಡ್ಲಾ, ಬಳಚು, ಉಪ್ಪು, ಕಗ್ಗ, ಹಕ್ಕಿ, ಎಲ್ಲವೂ ಆ ವರದಿಗಳಲ್ಲಿ ಇದ್ದವು. ಉಷ್ಣವಿದ್ಯುತ್ ಸ್ಥಾವರದ ಮಾತು, ಬಂದರಿನ ಮಾತು ತದಡಿಯ ಸುತ್ತ ಎದ್ದಾಗಲೆಲ್ಲ ಆ ದಂಡೆಯ ಜನ ಎಷ್ಟು ತಳಮಳಗೊಂಡಿದ್ದರೆಂಬುದನ್ನು ಅಕ್ಕನ ಬಾಯಿಂದಲೇ ಕೇಳಿದ್ದೆ. ಆದ್ದರಿಂದ ಆ ಸುದ್ದಿ ಓದಿ ಬಹಳ ಹೆಮ್ಮೆಯೆನಿಸಿತು. ಅಕ್ಕನ ಮಗಳು ಬೆಂಗಳೂರಿನಲ್ಲಿದ್ದಾಳೆ. ಆ ದಿನ ಅವಳೇ ಫೋನು ಮಾಡಿದಳು. ಅಮ್ಮನ ಬಗ್ಗೆ ಮದುವೆಗೆ ಮುಂಚಿನದನ್ನು ತಿಳಿಯಬೇಕೆನಿಸಿದೆ, ಚಿಕ್ಕಮ್ಮಾ, ನೀವು ಹೇಳಬೇಕು ಎಂದಳು. ಅಂದಿನಿಂದ ಬಿಡುವಾದಾಗ ಒಂದೊಂದು ಪ್ರಶ್ನೆ ಕೇಳುತ್ತಾಳೆ. ಅಮ್ಮನಿಗೆ ಯಾವ ಮಾವು ಇಷ್ಟವಿತ್ತು? ಅಂಕೋಲೆಯ ಕರಿ ಇಶಾಡು, ಬೇರೆ ಯಾವುದನ್ನೂ ಅವಳು ಮಾವು ಎಂದು ಒಪ್ಪುತ್ತಿರಲಿಲ್ಲ. ಅಮ್ಮ ಹಾಡುತ್ತಿದ್ದಳೇ? ಇಲ್ಲ, ಆದರೆ ಬಂಡಿಹಬ್ಬದ ರಾತ್ರಿ ವಾದ್ಯದ ಸದ್ದು ಕೇಳಿದರೆ ಕಾಲು ನಿಲ್ಲುತ್ತಿರಲಿಲ್ಲ.

ಕಳೆದ ತಿಂಗಳು ಅವಳು ಕೇಳಿದ್ದು, ಅಮ್ಮ ಈಜನ್ನು ಯಾರಿಂದ ಕಲಿತಳು ಎಂದು. ಅಕ್ಕನಿಗೆ ಈಜು ಬರುತ್ತಿರಲಿಲ್ಲ. ಆ ಕೇರಿಯಲ್ಲಿ ಆಗ ಗಂಡುಮಕ್ಕಳು ತಾವಾಗಿ ನೀರಿಗೆ ಬಿದ್ದು ಕಲಿಯುತ್ತಿದ್ದರು, ಹೆಣ್ಣುಮಕ್ಕಳಿಗೆ ಕಲಿಸುವವರಿರಲಿಲ್ಲ. ತದಡಿಗೆ ದೋಣಿ ದಾಟುವಾಗ ಅವಳು ಅಡ್ಡಹಲಗೆಯನ್ನು ಎರಡೂ ಕೈಯಿಂದ ಹಿಡಿದು, ಮಾತಾಡದೆ ಕುಳಿತಿರುತ್ತಿದ್ದಳು. ಸೊಂಟಮಟ್ಟದ ನೀರಿನಲ್ಲಿ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ನಿಂತವಳು, ಎದೆಮಟ್ಟದ ನೀರಿನಲ್ಲಿ ಕಗ್ಗ ಕೊಯ್ದವಳು, ಒಂದು ದಿನವೂ ಈಜಿದವಳಲ್ಲ. ಹೀಗೆಂದು ಹೇಳಿದರೆ ಮಗಳು ನಂಬಲಿಲ್ಲ. ನಿಮ್ಮ ಅಜ್ಜಿಯನ್ನೇ ಕೇಳು ಎಂದೆ. ದೊಡ್ಡಮ್ಮನಿಗೆ ಈಗ ವಯಸ್ಸು ಎಂಬತ್ತು ದಾಟಿದೆ, ಕಿವಿ ಮಂದವಾಗಿದೆ, ಆದರೆ ನೆನಪು ಗಟ್ಟಿಯಿದೆ. ಮಗಳು ಕೇಳಿದಳಂತೆ, ಎರಡೆರಡು ಸಲ, ಜೋರಾಗಿ. "ಅವಳಿಗೆ ಈಜೂಕೆ ಬರೂದಿಲ್ಲಾಗಿತ್ತು. ಅದಕ್ಕೇ ಅಲ್ವಾ ಮಕ್ಕಳನ್ನೆಲ್ಲ ಅವಳ ಕೂಡೆ ಕಳಿಸೂದಾಗಿತ್ತು?" ಎಂದಳಂತೆ ದೊಡ್ಡಮ್ಮ.